ಹದಿಹರೆಯದವರ ಕೈಗೆ ಸಂಡೇ ಸ್ಕೂಲು: ಗಡಿನಾಡಿನ ಒಂದು ಸಭೆಯ ಪ್ರಕರಣ

ಕುಂಬಳೆಗೂ ಮಂಜೇಶ್ವರಕ್ಕೂ ನಡುವೆ, ಹೆದ್ದಾರಿಯಿಂದ ಒಳಕ್ಕೆ ಸರಿದು ಹೋದರೆ ಸಿಗುವ ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆಯ, ಅಂದರೆ ಚರ್ಚಿನ ಬಳಗದ, ವಿಷಯ ಇದು. ಕುಟುಂಬಗಳು ನಲವತ್ತರ ಆಸುಪಾಸು. ಸಂಡೇ ಸ್ಕೂಲಿಗೆ, ಅಂದರೆ ಭಾನುವಾರದ ಬೈಬಲ್ ಪಾಠಕ್ಕೆ, ಬರುವ ಮಕ್ಕಳು ಮಳೆಗಾಲದಲ್ಲಿ ಹದಿನೈದು, ಕ್ರಿಸ್ಮಸ್ ಹತ್ತಿರವಾದಾಗ ಮೂವತ್ತು. ಕ್ರಿಸ್ಮಸ್ ನಾಟಕದ ಕುರುಬರ ವೇಷಕ್ಕೆ ಜನ ಬೇಕಾಗುವ ಹೊತ್ತಿಗೆ ಎಲ್ಲ ಮನೆಯವರಿಗೂ ತಮಗೆ ಮಕ್ಕಳಿರುವುದು ನೆನಪಾಗುತ್ತದೆ. ಸಭೆಯ ಹೆಸರು, ಮಕ್ಕಳ ಹೆಸರು, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ನಾನು ಆ ಸಭೆಯವನಲ್ಲ. ಪಕ್ಕದ ಸಭೆಯವನು, ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಸ್ಟ್ರಾಗಿದ್ದು ನಿವೃತ್ತನಾದವನು. ಅಲ್ಲಿನ ಸಮಿತಿಯ ಕಾರ್ಯದರ್ಶಿ ‘ಒಮ್ಮೆ ಬಂದು ನೋಡಿ ಮಾಸ್ಟ್ರೇ’ ಎಂದು ಕರೆದರು, ಹೋದೆ, ಆಮೇಲೆ ಹೋಗುತ್ತಲೇ ಇದ್ದೇನೆ.

ಇಲ್ಲಿನ ಮಕ್ಕಳ ಭಾಷೆಯ ಪಾಡು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಹರಡಿಕೊಂಡ ಸಭೆಗಳ ಬಳಗದ್ದು ಈ ಸಭೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾದರೂ ಆರಾಧನೆ, ಸತ್ಯವೇದ (ಬೈಬಲ್), ಕೀರ್ತನೆ ಎಲ್ಲ ನಡೆದುಕೊಂಡು ಬಂದದ್ದು ಕನ್ನಡದಲ್ಲಿ. ಹಾಗಾಗಿ ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದ್ದರಿಂದ ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ಇತ್ತೀಚೆಗೆ ಹೆಚ್ಚಿನವರ ಶಾಲೆ ಇಂಗ್ಲಿಷು. ಏಳು ವರ್ಷದ ಮಗು ವಾರದಲ್ಲಿ ಕನ್ನಡ ಅಕ್ಷರ ನೋಡುವುದು ಭಾನುವಾರ ಮಾತ್ರ. ಬಾಯಿಪಾಠದ ಬೈಬಲ್ ವಚನವನ್ನು ಅಮ್ಮಂದಿರು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಚೀಟಿ ಕೊಟ್ಟು ಕಳಿಸುತ್ತಾರೆ. ಕೆಲವರು ಮಲಯಾಳ ಲಿಪಿಯಲ್ಲಿ. ಮಕ್ಕಳು ಅದನ್ನು ಓದಿ ಒಪ್ಪಿಸುತ್ತವೆ, ಬಹುಮಾನದ ಪೆನ್ಸಿಲು ತೆಗೆದುಕೊಂಡು ಹೋಗುತ್ತವೆ.

ಈ ಸಂಡೇ ಸ್ಕೂಲಿಗೆ ಮೂವರು ಟೀಚರುಗಳಿದ್ದರು. ಒಬ್ಬಳು ಮದುವೆಯಾಗಿ ಉಡುಪಿಗೆ ಹೋದಳು. ಇನ್ನೊಬ್ಬಳು ಗಂಡನ ಕೆಲಸವಿದ್ದ ಗಲ್ಫಿಗೆ. ಉಳಿದವರು ಎಪ್ಪತ್ತು ದಾಟಿದ ಹಿರಿಯರು, ಅವರ ದನಿ ಎರಡನೇ ಬೆಂಚಿನವರೆಗೆ ಹೋಗುತ್ತಿರಲಿಲ್ಲ. ಮೊದಲೆಲ್ಲ ಕಾಲೇಜಿಗೆ ಹೋಗುವ ಹುಡುಗಿಯರು ಪಾಠಕ್ಕೆ ಸಿಗುತ್ತಿದ್ದರು. ಈಗ ಅವರು ಮಂಗಳೂರಿನ ಹಾಸ್ಟೆಲಿನಲ್ಲೋ ನರ್ಸಿಂಗ್ ಓದುತ್ತ ಬೆಂಗಳೂರಿನಲ್ಲೋ ಇರುತ್ತಾರೆ. ಸಭಾಪಾಲಕರಿಗೆ (ಪಾದ್ರಿಗಳಿಗೆ) ಒಂದಕ್ಕಿಂತ ಹೆಚ್ಚು ಸಭೆಗಳು. ಆರಾಧನೆಯ ಹೊತ್ತಿಗೆ ಬೈಕಿನಲ್ಲಿ ಬಂದು ಮುಟ್ಟುವುದೇ ದೊಡ್ಡದು.

ಹದಿಹರೆಯದವರನ್ನು ನಿಲ್ಲಿಸುವ ಯೋಚನೆ ಬಂದದ್ದು ಬೇಸಿಗೆಯ ವಿಬಿಎಸ್ ಮುಗಿದ ವಾರ. ರಜಾ ಬೈಬಲ್ ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳೇ ಅಭಿನಯ ಗೀತೆ ಹೇಳಿಕೊಟ್ಟಿದ್ದರು, ಆಟ ಆಡಿಸಿದ್ದರು, ಬಣ್ಣದ ಕಾಗದ ಕತ್ತರಿಸಿ ದೋಣಿ, ಮೀನು ಮಾಡಿಸಿದ್ದರು. ಕೊನೆಯ ದಿನದ ಮೆರವಣಿಗೆ ಊರಿಗೆಲ್ಲ ಕೇಳಿತ್ತು. ಸಮಿತಿಯಲ್ಲಿ ಒಬ್ಬರು, ‘ವರ್ಷವಿಡೀ ಇವರೇ ಮಾಡಲಿ, ಟೀಚರು ಟೀಚರು ಅಂತ ಯಾಕೆ ಹುಡುಕುವುದು?’ ಎಂದರು. ಮತ್ತೊಬ್ಬರು ‘ನಿನ್ನ ಯೌವನವನ್ನು ಯಾರೂ ಅಸಡ್ಡೆ ಮಾಡಬಾರದು’ ಎಂದು ಬೈಬಲಿನಲ್ಲಿ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದದ್ದನ್ನು ನೆನಪಿಸಿದರು. ಆ ವಚನ ಬಂದ ಸಮಿತಿಯಲ್ಲಿ ಮುಂದೆ ಚರ್ಚೆ ನಡೆಯುವುದಿಲ್ಲ. ತಿಮೊಥೆಯನ ವಯಸ್ಸು ಎಷ್ಟಿತ್ತೋ, ಪ್ಲಸ್ ವನ್ (ಕೇರಳದ ಹನ್ನೊಂದನೇ ತರಗತಿ) ಸೀಟಿಗೆ ಕಾಯುತ್ತಿದ್ದ ಹುಡುಗನಂತೂ ಆತ ಆಗಿರಲಿಲ್ಲ.

ವಿಬಿಎಸ್ಸಿನಲ್ಲಿ ಆದದ್ದು ಸಂಡೇ ಸ್ಕೂಲಿನಲ್ಲಿ ಆಗುವುದಿಲ್ಲ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ವಿಬಿಎಸ್ ಹತ್ತು ದಿನದ ಹಬ್ಬ. ಹೊರಗಿನಿಂದ ತಂಡ ಬರುತ್ತದೆ, ಪಾಠ, ಹಾಡು, ಆಟ ಎಲ್ಲ ಅಚ್ಚಾಗಿಯೇ ಬರುತ್ತದೆ, ಅಡುಗೆಗೆ ನಾಲ್ಕು ಹೆಂಗಸರು ಇರುತ್ತಾರೆ. ಅಂದರೆ ಹುಡುಗರು ಹಾಡುತ್ತಿರುವಾಗ ಅವರ ಬೆನ್ನಿಗೆ ಹತ್ತು ಮಂದಿ ದೊಡ್ಡವರಿದ್ದರು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಭಾನುವಾರದ ತರಗತಿಗೆ ಜೂನಿನ ಮಳೆ ಇದೆ, ಅರ್ಧವಾರ್ಷಿಕ ಪರೀಕ್ಷೆ ಇದೆ, ನಿದ್ದೆಗಣ್ಣಿನ ಮಕ್ಕಳಿವೆ, ಮತ್ತೆ ಮುಂದಿನ ಭಾನುವಾರವೂ ಇದೆ.

ಹೀಗಾಗಿ ಜೂನಿನಲ್ಲಿ, ದೃಢೀಕರಣವಾಗಿ (ಹದಿಹರೆಯದಲ್ಲಿ ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಹೆಚ್ಚು ದಿನವಾಗದ ಇಬ್ಬರಿಗೆ ಪುಟ್ಟ ಮಕ್ಕಳ ತರಗತಿಯನ್ನು ಇಡಿಯಾಗಿ ಒಪ್ಪಿಸಿದರು. ಒಬ್ಬಳು ಹತ್ತನೇ ತರಗತಿಯ ಹುಡುಗಿ, ಕನ್ನಡ ಮಾಧ್ಯಮದವಳು. ಇನ್ನೊಬ್ಬ ಪ್ಲಸ್ ವನ್‌ನ ಹುಡುಗ, ಇಂಗ್ಲಿಷ್ ಮಾಧ್ಯಮ. ಕೈಗೆ ಪಾಠದ ಪುಸ್ತಕ, ಹಾಜರಿ ಪುಸ್ತಕ, ದೇವಾಲಯದ ಹಿಂದಿನ ಕೋಣೆಯ ಬೀಗದ ಕೈ. ಮಕ್ಕಳು ಅವರನ್ನು ಟೀಚರ್ ಎನ್ನಲಿಲ್ಲ, ಅಕ್ಕ, ಅಣ್ಣ ಎಂದವು. ದೊಡ್ಡವರು ಒಳ್ಳೆಯದಾಯಿತೆಂದು ಆರಾಧನೆಗೆ ಹೋಗಿ ಕುಳಿತರು.

ನಾನು ಮೊದಲ ಸಲ ಹೋದ ದಿನದ ಪಾಠ ಜಕ್ಕಾಯ ಎಂಬ ಶ್ರೀಮಂತ ಸುಂಕದವನದು, ಲೂಕನ ಸುವಾರ್ತೆಯ 19ನೇ ಅಧ್ಯಾಯ. ಹುಡುಗ ಹೇಳುತ್ತಿದ್ದ. ಕುಳ್ಳ ಮನುಷ್ಯ, ಜನಜಂಗುಳಿ, ಯೇಸು ಕಾಣುವುದಿಲ್ಲ, ಓಡಿಹೋಗಿ ಮರ ಹತ್ತಿದ. ಮುಂದಿನ ಸಾಲಿನ ಒಬ್ಬ, ‘ಕಂಗಾ ಅಣ್ಣ?’ ಎಂದು ಕೇಳಿದ. ಈ ಊರಿನಲ್ಲಿ ಮರ ಹತ್ತುವುದೆಂದರೆ ಕಂಗು (ಅಡಿಕೆ ಮರ) ಅಥವಾ ತೆಂಗು, ಬೇರೆ ಮರ ಯಾರು ಹತ್ತುತ್ತಾರೆ? ಇನ್ನೊಂದು ಮಗು, ‘ಕಂಗಿನಲ್ಲಿ ಕೂರಲಿಕ್ಕೆ ಆಗುವುದಿಲ್ಲ, ಕೊಂಬೆ ಎಲ್ಲಿದೆ?’ ಎಂದಿತು. ಹುಡುಗನ ಮಾವ ಅಡಿಕೆ ಕೊಯ್ಯುವವರು. ಅವನು ಒಂದು ಕ್ಷಣ ಯೋಚಿಸಿ, ಮೇಜಿನ ಮೇಲಿದ್ದ ಶಾಲು ತೆಗೆದು ಸುತ್ತಿ ಎರಡೂ ಪಾದಗಳಿಗೆ ಮರ ಹತ್ತುವವರ ತಳೆಯ (ಕಾಲಿಗೆ ಹಾಕುವ ಬಳೆ) ಹಾಗೆ ಸಿಕ್ಕಿಸಿಕೊಂಡ. ಕೋಣೆಯ ಮರದ ಕಂಬವನ್ನು ತಬ್ಬಿ ಮಾವ ಹೇಗೆ ಹತ್ತುತ್ತಾರೆಂದು ಎರಡಡಿ ಹತ್ತಿ ತೋರಿಸಿದ. ‘ಇಷ್ಟು ಕಷ್ಟಪಟ್ಟು ಹತ್ತಬೇಕು. ಜಕ್ಕಾಯನ ಹತ್ತಿರ ದುಡ್ಡಿತ್ತು, ಒಳ್ಳೆ ಬಟ್ಟೆ ಹಾಕಿದ್ದ. ಆದರೂ ಹತ್ತಿದ.’ ನಲವತ್ತು ವರ್ಷ ಪಾಠ ಮಾಡಿದವರಿಗೂ ಹೊಳೆಯದ ಮಾತು ಅದು. ಅಷ್ಟು ಪುಟ್ಟ ಮಕ್ಕಳು ಒಟ್ಟಾಗಿ ಉಸಿರು ಬಿಗಿ ಹಿಡಿದದ್ದನ್ನು ನಾನು ಶಾಲೆಯಲ್ಲಿ ಅಪರೂಪಕ್ಕೆ ನೋಡಿದ್ದು.

ಆಮೇಲೆ ಎಲ್ಲರಿಗೂ ಕಂಬ ಹತ್ತಬೇಕಾಯಿತು. ಪಾಠ ಅಲ್ಲಿಗೆ ಮುಗಿಯಿತು. ಒಬ್ಬ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಮಳೆ ಹಂಚಿನ ಮೇಲೆ ಸುರಿಯಲು ಶುರುವಾದ ಮೇಲೆ ಹುಡುಗಿಯ ದನಿ ಯಾರಿಗೂ ಕೇಳಲಿಲ್ಲ. ಯೇಸು ‘ಬೇಗ ಇಳಿದು ಬಾ’ ಎಂದದ್ದು, ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಎಂದದ್ದು, ಯಾವುದೂ ಬರಲಿಲ್ಲ. ಆ ದಿನ ಮನೆಗೆ ಹೋದ ಮಕ್ಕಳ ಜಕ್ಕಾಯ ಇನ್ನೂ ಮರದ ಮೇಲೆಯೇ ಇದ್ದ.

ಮಳೆಗಾಲ ಅರ್ಧ ಕಳೆಯುವುದರೊಳಗೆ ವ್ಯವಸ್ಥೆ ಕುಸಿಯಿತು. ಕಾರಣಗಳೆಲ್ಲ ಸಣ್ಣವು. ಹುಡುಗನಿಗೆ ಭಾನುವಾರ ಬೆಳಗ್ಗೆ ಟ್ಯೂಷನ್ ಬಂತು. ಹುಡುಗಿ ಒಬ್ಬಳೇ ಆದಳು. ತನ್ನದೇ ತಮ್ಮ ತರಗತಿಯಲ್ಲಿದ್ದ, ಅವನು ಅವಳ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಎಲ್ಲರೆದುರು ಅವನ ತಲೆಗೆ ಮೊಟಕಿದಳು. ಬೇರೆ ಮಗುವಿನ ತಾಯಿಯೊಬ್ಬರು ಕಿಟಕಿಯಿಂದ ಅದನ್ನು ಕಂಡು ಸಮಿತಿಗೆ ದೂರು ಕೊಟ್ಟರು. ಹಿರಿಯರೊಬ್ಬರು ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ, ಎಲ್ಲರಿಗೂ ಕೇಳುವಂತೆ ಅವಳಿಗೆ ಬುದ್ಧಿ ಹೇಳಿದರು. ಮುಂದಿನ ಭಾನುವಾರ ಅವಳು ಬರಲಿಲ್ಲ, ಬೀಗದ ಕೈ ತಮ್ಮನ ಕೈಯಲ್ಲಿ ಬಂತು. ‘ಹೇಳಿದೆನಲ್ಲ, ಮಕ್ಕಳ ಕೈಗೆ ಮಕ್ಕಳನ್ನು ಕೊಟ್ಟರೆ ಹೀಗೇ’ ಎಂದವರು ಸಮಿತಿಯಲ್ಲಿ ಹಲವರಿದ್ದರು. ಜೂನಿನಲ್ಲಿ ಅವರಲ್ಲಿ ಒಬ್ಬರೂ ಹಾಗೆ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕತೆ ಹೇಳುತ್ತೇನೆ, ಸಮಿತಿಯಲ್ಲೂ ಹೇಳಿದ್ದೆ, ಯಾರಿಗೂ ಅಷ್ಟು ರುಚಿಸಲಿಲ್ಲ. ದೊಡ್ಡ ಮಗು ಚಿಕ್ಕ ಮಗುವಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡಿನವರು ‘ಮದ್ರಾಸ್ ಪದ್ಧತಿ’ ಎಂದೇ ಕರೆಯುತ್ತಿದ್ದರು. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದರು. ಅಲ್ಲಿನ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕಂಡು, ತಮ್ಮ ಶಾಲೆಯ ಮೇಷ್ಟ್ರುಗಳು ಒಪ್ಪದಿದ್ದಾಗ ಹುಡುಗರಿಂದಲೇ ಅದನ್ನು ಮಾಡಿಸಿದರು. 1797ರಲ್ಲಿ ಪುಸ್ತಕ ಬರೆದರು. ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ನೋಡಿಕೊಳ್ಳಬಹುದೆಂದು ಇಂಗ್ಲೆಂಡಿನಲ್ಲಿ ಎಲ್ಲರೂ ಅದರ ಬೆನ್ನು ಹತ್ತಿದರು, ಏಕೆಂದರೆ ಅಗ್ಗ. ಕೆಲವು ದಶಕಗಳಲ್ಲಿ ಅದರ ಬಣ್ಣ ಬಯಲಾಯಿತು. ತನಗೇ ಅರ್ಧ ಗೊತ್ತಿದ್ದದ್ದನ್ನು ಹುಡುಗ ಬಾಯಿಪಾಠ ಮಾಡಿಸುತ್ತಿದ್ದ, ಅಷ್ಟೆ. 1846ರಲ್ಲಿ ಅಲ್ಲಿನ ಸರ್ಕಾರ ಬೇರೆ ದಾರಿ ಹಿಡಿಯಿತು. ಹದಿಮೂರು ವರ್ಷದವರನ್ನು ಐದು ವರ್ಷಕ್ಕೆ ಶಿಷ್ಯ-ಶಿಕ್ಷಕರಾಗಿ ಸೇರಿಸಿಕೊಳ್ಳಬಹುದು, ಆದರೆ ಹೆಡ್ಮಾಸ್ಟರು ದಿನಾ ಒಂದೂವರೆ ಗಂಟೆ ಅವರಿಗೇ ಪಾಠ ಮಾಡಬೇಕು. ಈ ಒಂದೂವರೆ ಗಂಟೆಯನ್ನು ನಮ್ಮ ಸಭೆಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹದಿಹರೆಯದವರನ್ನು ಪಾಠಕ್ಕೆ ನಿಲ್ಲಿಸಿದರೆ ದೊಡ್ಡವರ ಕೆಲಸ ಹೆಚ್ಚಾಗುತ್ತದೆ. ಕಡಿಮೆ ಮಾಡಿಕೊಳ್ಳಲು ಹೊರಟ ಕಡೆಯಲ್ಲೆಲ್ಲ ಬೀಗದ ಕೈ ತಮ್ಮನ ಕೈಯಲ್ಲಿ ವಾಪಸು ಬರುತ್ತದೆ.

ಸಮಿತಿಯ ಖಜಾಂಚಿಯ ಪ್ರಶ್ನೆ ನ್ಯಾಯವಾಗಿತ್ತು. ‘ಇಬ್ಬರು ಟೀಚರು ಸಿಗದೆ ಮಕ್ಕಳನ್ನು ನಿಲ್ಲಿಸಿದ್ದು. ಈಗ ಮಕ್ಕಳಿಗೆ ಹೇಳಿಕೊಡಲು ನಾಲ್ಕು ಜನ ಬೇಕೆನ್ನುತ್ತೀರಿ. ಎಲ್ಲಿಂದ ತರುವುದು?’

ಉತ್ತರ ಬಂದದ್ದು ಯಾರೂ ನೆನೆಸದ ಕಡೆಯಿಂದ. ಸ್ತ್ರೀ ಸಮಾಜದ ಕೂಟದಲ್ಲಿ ಈ ಮಾತು ಎತ್ತಿದಾಗ, ಹಿಂದೆ ಎಷ್ಟು ಸಲ ಕೇಳಿದರೂ ಟೀಚರಾಗಲು ಒಪ್ಪದ ಹೆಂಗಸೊಬ್ಬರು, ‘ಎದುರು ನಿಂತು ಮಾತಾಡಲು ನನಗೆ ಬಾರದು. ಹಿಂದೆ ಕೂರುವುದಾದರೆ ಕೂರುತ್ತೇನೆ’ ಎಂದರು. ಮಕ್ಕಳನ್ನು ಸುಮ್ಮನಿರಿಸುವುದು, ಮೂಗು ಒರೆಸುವುದು, ಮೂತ್ರಕ್ಕೆ ಕರೆದೊಯ್ಯುವುದು, ಯಾವ ಮಗು ಬಾಡಿದೆಯೆಂದು ನೋಡುವುದು, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಇನ್ನೂ ಮೂವರು ಕೈ ಎತ್ತಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರೂ ಬಂದರು. ಸಭೆಯಲ್ಲಿ ದೊಡ್ಡವರಿಗೇನೂ ಬರ ಇರಲಿಲ್ಲ. ಎದುರು ನಿಲ್ಲಲು ಧೈರ್ಯವಿರುವ ದೊಡ್ಡವರು ಇರಲಿಲ್ಲ. ಹದಿಹರೆಯದವರಿಗೋ ಎದುರು ನಿಲ್ಲುವುದೇ ಖುಷಿ, ಹಿಂದಿನದು ಬಾರದು. ಕೆಲಸವನ್ನು ಎರಡಾಗಿ ಸೀಳಿದ ಕೂಡಲೇ ಎರಡಕ್ಕೂ ಜನ ಸಿಕ್ಕಿದರು. ಈ ಪ್ರಕರಣದಲ್ಲಿ ಬೇರೆಯವರು ಎತ್ತಿಕೊಂಡು ಹೋಗಬಹುದಾದದ್ದು ಏನಾದರೂ ಇದ್ದರೆ ಅದು ಇಷ್ಟೇ ಎಂದು ನನಗನಿಸುತ್ತದೆ.

ಹುಡುಗಿಯನ್ನು ವಾಪಸು ಕರೆತರುವುದು ಬೇರೆಯೇ ಕೆಲಸವಾಯಿತು. ಕಾರ್ಯದರ್ಶಿಯೂ ಬುದ್ಧಿ ಹೇಳಿದ್ದ ಹಿರಿಯರೂ ಅವಳ ಮನೆಗೆ ಹೋದರು. ಹಿರಿಯರು ಕ್ಷಮೆ ಕೇಳಿದರೇ? ಹಾಗೆ ಕೇಳುವ ತಲೆಮಾರು ಅದಲ್ಲ. ಚಹಾ ಕುಡಿದರು, ಅವಳ ಅಜ್ಜ ತಮಗೆ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದ್ದನ್ನು, ಕಿವಿ ಹಿಂಡಿದ್ದನ್ನು ಹೇಳಿ ನಕ್ಕರು. ಏಳುವಾಗ ‘ನೀನು ಬಂದರೆ ನಾನು ಶನಿವಾರದ ತಯಾರಿಗೆ ಬರುತ್ತೇನೆ’ ಎಂದರು. ಅವಳು ಬಂದಳು, ತಮ್ಮನನ್ನು ಬೇರೆ ತರಗತಿಗೆ ಹಾಕಬೇಕೆಂಬ ಷರತ್ತಿನ ಮೇಲೆ. ಅಣ್ಣ ತಮ್ಮ, ಅಕ್ಕ ತಂಗಿಯರನ್ನು ಒಂದೇ ತರಗತಿಗೆ ಹಾಕಬಾರದೆಂಬ ನಿಯಮ ಹಾಗೆ ಹುಟ್ಟಿತು.

ಉಳಿದ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿ ಮತ್ತು ಮೇಲಿನವರು ಮಾತ್ರ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದೇ ಇರಬೇಕು, ಯಾರೂ ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಕೂಡದು. ಹದಿಹರೆಯದವರಿಗೂ ಅನ್ವಯ, ದೊಡ್ಡವರಿಗೂ ಅನ್ವಯ. ಮುಟ್ಟಿ ಶಿಕ್ಷಿಸುವುದಿಲ್ಲ. ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಿಲ್ಲ. ಎಸ್‌ಎಸ್‌ಎಲ್‌ಸಿ, ಪ್ಲಸ್ ಟೂನವರಿಗೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ರಜೆ, ಕೇಳದೆಯೇ. ಈ ಕೊನೆಯದರಿಂದ ತಂದೆತಾಯಿಗಳ ವಿರೋಧ ಅರ್ಧ ಕರಗಿತು.

ಇನ್ನು ಶನಿವಾರದ ತಯಾರಿ. ಸಂಜೆ ಐದಕ್ಕೆ, ಒಂದೂವರೆ ಗಂಟೆ. ಪಾಠವನ್ನು ನಾಲ್ಕು ತುಂಡು ಮಾಡಿದ್ದೇವೆ: ಹಾಡು, ಕತೆ, ವಚನ, ಕೈಕೆಲಸ. ಒಬ್ಬರಿಗೆ ಒಂದೇ ತುಂಡು, ತಿಂಗಳಿಡೀ ಅದೇ. ಒಂದೇ ಕೆಲಸವನ್ನು ನಾಲ್ಕು ವಾರ ಮಾಡಿದರೆ ಕೈ ಪಳಗುತ್ತದೆ, ವಾರಕ್ಕೊಂದು ಬದಲಿಸಿದರೆ ಪ್ರತಿ ವಾರವೂ ಮೊದಲ ದಿನ. ಕತೆ ಹೇಳುವವರು ಖಾಲಿ ಬೆಂಚುಗಳೆದುರು ನಿಂತು ಪೂರ್ತಿ ಹೇಳಬೇಕು. ಹಿರಿಯರು ಬೇಕೆಂದೇ ಏಳು ವರ್ಷದ ಮಗುವಿನ ಪ್ರಶ್ನೆ ಕೇಳುತ್ತಾರೆ. ಎಲ್ಲಕ್ಕೂ ‘ದಾಯೆಗ್?’ (ತುಳುವಿನಲ್ಲಿ ‘ಯಾಕೆ?’). ಅದಕ್ಕೆ ತುಳುವಿನಲ್ಲೇ ಉತ್ತರ ಕೊಡಬಹುದು. ಕತೆ ಮಾತ್ರ ಕನ್ನಡದಲ್ಲಿ.

ಹುಡುಗಿಗೆ ಕೊಟ್ಟ ಮೊದಲ ಕತೆ ಸಮುವೇಲನದು. ರಾತ್ರಿ, ದೇವಾಲಯ, ಮುದುಕ ಯಾಜಕ ಏಲಿ, ಮಲಗಿದ ಹುಡುಗ, ಕರೆಯುವ ದೇವರ ದನಿ. ಕರೆದದ್ದು ಏಲಿಯೆಂದು ಹುಡುಗ ಅವನ ಹತ್ತಿರ ಓಡುತ್ತಾನೆ. ಅವಳು ಪುಸ್ತಕದಲ್ಲಿದ್ದ ಹಾಗೆ ಹೇಳಿ ಮುಗಿಸಿದಳು. ಚೆನ್ನಾಗಿತ್ತು, ಆದರೆ ಓದಿದ ಹಾಗಿತ್ತು. ಹಿರಿಯರು ಕೇಳಿದರು, ‘ಸಮುವೇಲ ಎಷ್ಟು ಸಲ ಎದ್ದು ಓಡಿದ?’ ‘ಮೂರು ಸಲ.’ ‘ಮೂರು ಸಲವೂ ಒಂದೇ ಥರ ಓಡಿದನಾ?’ ಅವಳು ಸುಮ್ಮನಾದಳು. ‘ನಿನ್ನನ್ನು ಅಮ್ಮ ರಾತ್ರಿ ಮೂರು ಸಲ ಎಬ್ಬಿಸಿದರೆ ಮೂರನೇ ಸಲ ಹೇಗೆ ಏಳುತ್ತಿ?’ ಅವಳಿಗೆ ನಗು ಬಂತು. ಎರಡನೇ ಬಾರಿ ಹೇಳುವಾಗ ಮೊದಲ ಕರೆಗೆ ಸಮುವೇಲ ಚಂಗನೆ ಎದ್ದ, ಎರಡನೆಯದಕ್ಕೆ ಕಣ್ಣುಜ್ಜಿಕೊಂಡು ಹೋದ, ಮೂರನೆಯದಕ್ಕೆ ಬಾಗಿಲಲ್ಲಿ ನಿಂತು ‘ನೀವು ಕರೆದದ್ದು ಹೌದು ತಾನೆ?’ ಎಂಬ ಹಾಗೆ ಏಲಿಯ ಮುಖ ನೋಡಿದ. ಅದು ಬೈಬಲಿನಲ್ಲಿ ಇಲ್ಲ ಎಂದು ಯಾರಾದರೂ ಹೇಳಿಯಾರು. ಕರೆಯುತ್ತಿರುವುದು ದೇವರೆಂದು ಮೂರನೇ ಸಲವಷ್ಟೇ ಏಲಿಗೆ ಅರ್ಥವಾಯಿತೆಂಬುದು ಇದೆಯಲ್ಲ. ಮುದುಕನಿಗೆ ಅರ್ಥವಾಗಲು ಮೂರು ಸಲ ಬೇಕಾಯಿತೆಂದು ಹಿರಿಯರೇ ಹೇಳಿ ನಕ್ಕರು. ಆ ಇಬ್ಬರ ನಡುವಿನ ಜಗಲಿಯ ಪ್ರಸಂಗ ಮುಗಿದದ್ದು ಆವತ್ತು ಎಂದು ನನ್ನ ಅಂದಾಜು.

ಮರ ಹತ್ತಿದ ಹುಡುಗನಿಗೂ ಶನಿವಾರ ಹೊಂದಿತು, ಭಾನುವಾರದ ಟ್ಯೂಷನ್ನಿನ ಸಮಯ ಬದಲಾದ ಮೇಲೆ ಬಂದ. ಅವನಿಗೆ ಕನ್ನಡ ಓದುವುದು ತಡವರಿಕೆ. ಹಾಗಾಗಿ ಅವನಿಗೆ ಕೈಕೆಲಸ ಮತ್ತು ಆಟ, ವಚನ ಅವಳಿಗೆ. ಅವಳು ಬರೆಯುವ ಚಾರ್ಟಿನ ಅಕ್ಷರ ಅಚ್ಚಿನ ಹಾಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆಂದು ಇಂಗ್ಲಿಷ್ ಶಾಲೆಯ ನಂಟರ ಎದುರು ಸ್ವಲ್ಪ ಕುಗ್ಗಿರುತ್ತಿದ್ದವಳು ಆಕೆ. ಇಲ್ಲಿ ಅವರೇ ಅವಳ ಹತ್ತಿರ ಬಂದು ಸತ್ಯವೇದದ ಒತ್ತಕ್ಷರ ಕೇಳುತ್ತಾರೆ. ಅಂಥದ್ದೇನನ್ನೂ ನಾವು ಯೋಜಿಸಿರಲಿಲ್ಲ.

ಜಕ್ಕಾಯನ ಪಾಠವನ್ನು ಆ ಹುಡುಗ ಮತ್ತೊಮ್ಮೆ ಮಾಡಬೇಕೆಂದು ತಾನೇ ಕೇಳಿದ. ಶನಿವಾರ ಅವನಿಗೆ ಒಂದೇ ಪ್ರಶ್ನೆ ಹಾಕಿದೆವು, ‘ಇಳಿಸುವುದು ಹೇಗೆ?’ ಈ ಸಲ ಯಾರೂ ಕಂಬ ಹತ್ತಲಿಲ್ಲ. ಎಲ್ಲ ಮಕ್ಕಳನ್ನೂ ಬೆಂಚಿನ ಮೇಲೆ ಹತ್ತಿಸಿ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದು ಇಳಿಸಿದ. ಇಳಿದವರು ತಮ್ಮ ಕೈಯಲ್ಲಿದ್ದ ಹುಣಸೆಬೀಜಗಳಲ್ಲಿ ಅರ್ಧ ಒಂದು ಡಬ್ಬಿಗೆ ಹಾಕಬೇಕು. ಒಬ್ಬ ಹಾಕಲಿಲ್ಲ, ಬಿಗಿಯಾಗಿ ಮುಷ್ಟಿ ಹಿಡಿದ. ಹಿಂದೆ ಕುಳಿತ ಹೆಂಗಸು ಎದ್ದೇಳಲು ಹೋದರು, ಹುಡುಗ ಬೇಡವೆಂದು ಸನ್ನೆ ಮಾಡಿ ಆ ಮಗುವನ್ನು ಹಾಗೇ ಬಿಟ್ಟ. ಸರಿಯೋ ತಪ್ಪೋ, ಅದು ಟೀಚರಿನ ತೀರ್ಮಾನ.

ಎಲ್ಲಕ್ಕಿಂತ ಕಷ್ಟದ್ದು ಬಂದದ್ದು ಓಣಂ ರಜೆಯ ನಂತರ. ಕೈಕೆಲಸದ ಹೊತ್ತಿನಲ್ಲಿ ಬಣ್ಣ ಹಚ್ಚುತ್ತ, ಎಂಟರ ಆಸುಪಾಸಿನ ಮಗುವೊಂದು ಪಕ್ಕದಲ್ಲಿದ್ದ ಒಂಬತ್ತನೇ ತರಗತಿಯ ಅಕ್ಕನಿಗೆ ಮನೆಯಲ್ಲಿ ರಾತ್ರಿ ನಡೆಯುವ ಕುಡಿತ, ಹೊಡೆತದ ವಿಷಯ ಹೇಳಿತು. ‘ಯಾರಿಗೂ ಹೇಳಬಾರದು’ ಎಂದಿತು. ಈ ಹುಡುಗಿ ಇಲ್ಲ ಎಂದು ಮಾತು ಕೊಟ್ಟಳು. ದೊಡ್ಡವರಿಬ್ಬರು ಅದೇ ಕೋಣೆಯಲ್ಲಿದ್ದರೂ ಆ ಮಗು ಆರಿಸಿಕೊಂಡದ್ದು ಹದಿನಾಲ್ಕು ವರ್ಷದವಳನ್ನು. ಅದೇ ಕಾರಣಕ್ಕೆ ಹದಿಹರೆಯದವರು ಬೇಕು, ಅದೇ ಕಾರಣಕ್ಕೆ ಭಯವೂ ಆಗಬೇಕು. ಮಕ್ಕಳು ಅಕ್ಕನಿಗೆ ಹೇಳಿದ್ದನ್ನು ಟೀಚರಿಗೆ ಹೇಳುವುದಿಲ್ಲ. ಆದರೆ ಆ ಅಕ್ಕನೂ ಮಗುವೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಪಾಠ ಮಾಡಿದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ.

ಅವಳು ಆ ಭಾರವನ್ನು ಎರಡು ವಾರ ಹೊತ್ತಳು. ಊಟ ಬಿಟ್ಟಳು, ಶನಿವಾರ ತಪ್ಪಿಸಿದಳು. ಅವಳ ತಾಯಿ ಹಿಂದಿನ ಬೆಂಚಿನ ಹೆಂಗಸಿನ ಹತ್ತಿರ ‘ಇವಳಿಗೆ ಏನಾಗಿದೆ?’ ಎಂದು ಕೇಳಿದ್ದರಿಂದ ವಿಷಯ ಹೊರಬಿತ್ತು. ಸಭಾಪಾಲಕರೂ ಆ ಮನೆಯ ಹಿರಿಯರೊಬ್ಬರೂ ಸೇರಿ ಮುಂದಿನದನ್ನು ನೋಡಿಕೊಂಡರು, ತಾಯಿ ಮತ್ತು ಮಗು ಸ್ವಲ್ಪ ಕಾಲ ಅಜ್ಜಿಮನೆಗೆ ಹೋದರು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವಂಥದ್ದಲ್ಲ. ಹುಡುಗಿಗೆ ಮಾತ್ರ ತಾನು ಮಾತು ಮುರಿದೆನೆಂಬ ಕೊರಗು ಬಹಳ ದಿನ ಇತ್ತು. ಆಮೇಲಿನ ಶನಿವಾರ ಪಾಠ ಬದಿಗಿಟ್ಟು ಇದನ್ನೇ ಮಾತಾಡಿದೆವು. ಮಗು ಗುಟ್ಟು ಹೇಳಲು ಬಂದರೆ ‘ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ‘ನೀನು ಹೇಳಿದ್ದು ಒಳ್ಳೆಯದಾಯಿತು, ನಾವಿಬ್ಬರೂ ಹೋಗಿ ಆಂಟಿಗೆ ಹೇಳೋಣ’ ಎನ್ನಬೇಕು, ಅದೇ ದಿನ. ಇದನ್ನು ಜೋಡಿ ಜೋಡಿಯಾಗಿ ಆಡಿ ತೋರಿಸಿದರು. ಮೊದಲು ನಗುತ್ತಿದ್ದವರು ಆಮೇಲೆ ನಗಲಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇವೆ. ಚರ್ಚಿನ ಬೀರುವಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿದ್ದಾರೆ. ಹದಿಹರೆಯದವರನ್ನು ಟೀಚರಾಗಿ ಮಾಡಲು ಹೊರಟ ಸಭೆ ಹಾಡು, ಚಾರ್ಟುಗಳಿಗೆ ಮೊದಲು ಇದನ್ನು ಕಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈಗಿನ ಲೆಕ್ಕ ಹೀಗಿದೆ. ಹಿಂದೆ ಒಬ್ಬ ಟೀಚರು ತಯಾರಿಯಿಲ್ಲದೆ ಬಂದು ಮುಕ್ಕಾಲು ಗಂಟೆ ಪಾಠ ಮಾಡುತ್ತಿದ್ದ ಕಡೆ, ಈಗ ಇಬ್ಬರು ದೊಡ್ಡವರು ಶನಿವಾರ ಒಂದೂವರೆ ಗಂಟೆ, ಮತ್ತಿಬ್ಬರು ಭಾನುವಾರ. ಖಜಾಂಚಿ ಇದನ್ನು ಪ್ರತಿ ಸಮಿತಿಯಲ್ಲೂ ಜ್ಞಾಪಿಸುತ್ತಾರೆ. ಪುಟ್ಟ ಮಕ್ಕಳ ಹಾಜರಿ ಅಷ್ಟೇನೂ ಏರಿಲ್ಲ. ಮಳೆ ಬಂದರೆ ಈಗಲೂ ಇಳಿಯುತ್ತದೆ. ವಚನ ಒಪ್ಪಿಸುವುದು ಸುಧಾರಿಸಿದೆಯೇ ಎಂದರೆ ಹೌದೆನ್ನಲು ನನಗೆ ಧೈರ್ಯವಿಲ್ಲ. ಬದಲಾದದ್ದು ದೃಢೀಕರಣವಾದವರ ಬೆಂಚು. ನಮ್ಮ ಕಡೆ ದೃಢೀಕರಣದ ಬಿಳಿ ಬಟ್ಟೆ ಕಳಚಿದ ಮೇಲೆ ಹುಡುಗರು ದೇವಾಲಯದ ಹೊರಗೆ ಬೈಕಿಗೆ ಒರಗಿ ನಿಂತು ಆರಾಧನೆ ಮುಗಿಸುತ್ತಾರೆ. ಇಲ್ಲಿ ಐದಾರು ಮಂದಿ ಒಳಗಿದ್ದಾರೆ, ಒಳಗೆ ಅವರಿಗೆ ಕೆಲಸವಿದೆ. ಬೈಕಿಗೆ ಒರಗುವವರು ಇನ್ನೂ ಇದ್ದಾರೆ. ಎಲ್ಲರಿಗೂ ಪಾಠ ಮಾಡುವುದು ಹಿಡಿಸಬೇಕೆಂದಿಲ್ಲ, ಒತ್ತಾಯಿಸಬಾರದೆಂದು ಹೇಳಿದ್ದೇನೆ. ಒಬ್ಬನಿಗೆ ಧ್ವನಿವರ್ಧಕದ ಕೆಲಸ ಸಾಕಂತೆ.

ಹತ್ತನೇ ತರಗತಿಯಲ್ಲಿದ್ದ ಹುಡುಗಿ ಈ ಜೂನಿನಿಂದ ಮಂಗಳೂರಿನಲ್ಲಿ ಪಿಯುಸಿ ಓದುತ್ತಾಳೆ. ಶನಿವಾರ ಸಂಜೆಯ ರೈಲು ತಡವಾದರೆ ತಯಾರಿಗೆ ಬರಲಾಗದು, ಹಾಗಾಗಿ ಭಾನುವಾರ ಎದುರು ನಿಲ್ಲುವುದಿಲ್ಲ ಎಂದು ತಾನೇ ಹೇಳಿ ಚಾರ್ಟು ಬರೆಯುವುದನ್ನು ಮಾತ್ರ ಇಟ್ಟುಕೊಂಡಳು. ‘ಬಂದ ವಾರ ನಿಲ್ಲಲಿ, ಅವಳಿಗೇನು ತಯಾರಿ ಬೇಕು?’ ಎಂದು ಸಮಿತಿಯಲ್ಲಿ ಕೆಲವರು ಅಂದಾಗ ವಿರೋಧಿಸಿದ್ದು ಆ ಹಿರಿಯರು. ಅವಳ ಜಾಗಕ್ಕೆ ಯಾರು ಎಂಬುದು ಈಗಿನ ಚರ್ಚೆ. ಎಂಟನೇ ತರಗತಿಯ ಒಬ್ಬ ಹುಡುಗ, ಅವಳ ತಮ್ಮನೇ, ಕತೆ ಹೇಳಲು ಹಟ ಹಿಡಿದಿದ್ದಾನೆ. ಚೆನ್ನಾಗಿಯೂ ಹೇಳುತ್ತಾನೆ. ನಿಯಮ ಒಂಬತ್ತನೆಯದೆಂದಿದೆ. ಶನಿವಾರ ಬಂದು ಖಾಲಿ ಬೆಂಚಿಗೆ ಹೇಳಲಿ, ಮಕ್ಕಳೆದುರು ಮುಂದಿನ ವರ್ಷ ಎಂದು ಸದ್ಯಕ್ಕೆ ನಿಂತಿದೆ. ಅವನ ತಾಯಿಗೆ ಇದು ಒಪ್ಪಿಗೆಯಾಗಿಲ್ಲ, ಮುಂದಿನ ಸಮಿತಿಗೆ ಅರ್ಜಿ ಬರೆದಿದ್ದಾರೆ. ಅದರಲ್ಲಿ ತಿಮೊಥೆಯನ ವಚನವೂ ಇದೆ.